ಮಗಳನ್ನು ಕೊಡುವ ಮುಂಚೆ ಮನೆತನ ವಿಚಾರಿಸಿದೆವು

ನಮ್ಮ ಶಿಡ್ಲಘಟ್ಟದ ಕಡೆ ಹೆಣ್ಣು ಕೊಡುವ ಮೊದಲು ಮನೆತನವನ್ನು ನಾಲ್ಕು ಕಡೆಯಿಂದ ವಿಚಾರಿಸುತ್ತಾರೆ. ಆ ಮನೆಯ ಹಿರಿಯರು ಯಾರು, ಎಲ್ಲಿಂದ ಬಂದವರು, ಬಂದ ಹೆಣ್ಣನ್ನು ಹೇಗೆ ನೋಡಿಕೊಳ್ಳುತ್ತಾರೆ, ತವರಿಗೆ ಬಂದುಹೋಗಲು ಬಿಡುತ್ತಾರೆಯೇ, ನಾಳೆ ಹೊಂದಿಕೆಯಾಗದಿದ್ದರೆ ಗತಿಯೇನು ಎಂದೆಲ್ಲ ಕೇಳಿ ತಿಳಿದ ಮೇಲೆಯೇ ಎಲೆ ಅಡಿಕೆಯ ಮಾತು. ನಮ್ಮ ಮಗಳು ದ್ವಿತೀಯ ಪಿಯುಸಿ ಮುಗಿಸಿ, ಕಥೋಲಿಕ ಸಿಸ್ಟರುಗಳ ಸಂಘವಾದ ಅಪೊಸ್ತಲಿಕ್ ಕಾರ್ಮೆಲ್ ಸಭೆ ಸೇರಿ ಕನ್ಯಾಸ್ತ್ರೀಯಾಗುತ್ತೇನೆ ಎಂದಾಗ ನಾನೂ ನಮ್ಮ ಮನೆಯವರೂ ಅದನ್ನೇ ಮಾಡಿದೆವು. ಅತ್ತು ಕರೆದು ತಡೆಯಲು ನನಗೆ ಮನಸ್ಸಿರಲಿಲ್ಲ. ದೇವರ ಕರೆ ಎಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದೂ ಸರಿಯೆನಿಸಲಿಲ್ಲ. ಮಗಳು ಬಾಳಬೇಕಾದ ಮನೆ, ಅದರ ಕಟ್ಟಳೆ ಏನೆಂದು ನಾವು ತಿಳಿದುಕೊಳ್ಳಬೇಕಿತ್ತು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ಅವಳು ಈ ಮಾತು ಎತ್ತಿದ್ದು ಹುಳು ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಎದ್ದು ಹಗಲೂ ರಾತ್ರಿ ಸೊಪ್ಪು ಬೇಡುವ ವಾರದಲ್ಲಿ. ಆ ವಾರ ನಮ್ಮ ಮನೆಗಳಲ್ಲಿ ಯಾರೂ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಿಕೆಯಿಂದ ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿ ಬಂದ ಮೇಲೆ ಎಲ್ಲರೂ ಕುಳಿತೆವು. ಅತ್ತೆಯವರು ಮೂರೇ ಪ್ರಶ್ನೆ ಕೇಳಿದರು: “ಆ ಮನೆ ಕಟ್ಟಿದವರು ಯಾರು? ಎಷ್ಟು ದುಡ್ಡು ಕೇಳುತ್ತಾರೆ? ಬೇಡ ಅನಿಸಿದರೆ ಹುಡುಗಿ ವಾಪಸ್ಸು ಬರಬಹುದಾ?” ಮಗಳ ಬಳಿ ಮೊದಲನೆಯದಕ್ಕೆ ಅರ್ಧ ಉತ್ತರವಿತ್ತು. ಉಳಿದದ್ದನ್ನು ನಾನೇ ಹುಡುಕಿದೆ. ನಮ್ಮ ಚರ್ಚಿನ ಧರ್ಮಕೇಂದ್ರದ ಗುರುಗಳನ್ನು ಕೇಳಿದೆ, ಸಿಸ್ಟರುಗಳನ್ನು ಕಂಡು ಮಾತನಾಡಿದೆ, ಅವರು ಕೊಟ್ಟ ಇಂಗ್ಲಿಷ್ ಪುಸ್ತಿಕೆಗಳನ್ನು ನಿಘಂಟು ಇಟ್ಟುಕೊಂಡು ಓದಿ, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ರಾತ್ರಿ ಊಟವಾದ ಮೇಲೆ ಅತ್ತೆಯವರಿಗೂ ಮನೆಯವರಿಗೂ ಓದಿ ಹೇಳುತ್ತಿದ್ದೆ.

ಮನೆ ಕಟ್ಟಿದವರ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಇಂಗ್ಲೆಂಡಿನ, ರೋಮಿನ ಪೋಪರನ್ನು ಒಪ್ಪದ ಆಂಗ್ಲಿಕನ್ ಪಂಗಡದ ಪಾದ್ರಿ, ಬೈಬಲ್ ಸೊಸೈಟಿಯ ಕೆಲಸ ಮಾಡುತ್ತಿದ್ದವರು. ಸೋಫಿ 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಪಾದ್ರಿಯ ಮಗಳು ಹಾಗೆ ಮಾಡುವುದೆಂದರೆ ಆ ಮನೆಯಲ್ಲಿ ಎಷ್ಟು ಮಾತು, ಎಷ್ಟು ಕಣ್ಣೀರು ಆಗಿರಬಹುದು! ಮರುವರ್ಷ ಸಂತ ಜೋಸೆಫರ ದರ್ಶನದ ಸಹೋದರಿಯರ ಸಭೆಗೆ ಸೇರಿ ವೆರೋನಿಕಾ ಎಂಬ ಹೆಸರು ಪಡೆದರು. ಆ ಸಭೆಯೇ ಅವರನ್ನು 1862ರಲ್ಲಿ ನಮ್ಮ ದೇಶಕ್ಕೆ, ಕಲ್ಲಿಕೋಟೆಗೆ, ಅಲ್ಲಿನ ಕಾನ್ವೆಂಟಿನ ಮೇಲ್ವಿಚಾರಕಿಯಾಗಿ ಕಳುಹಿಸಿತು.

ಕರಾವಳಿಯಲ್ಲಿ ಆಗ ಕಾರ್ಮೆಲ್ ಎಂಬ ಹಳೆಯ ಸನ್ಯಾಸಿ ಪಂಥದ ಗುರುಗಳು ಧರ್ಮಸೇವೆಯಲ್ಲಿದ್ದರು. ಅವರಲ್ಲಿ ಒಬ್ಬರು ಫಾದರ್ ಮೇರಿ ಎಫ್ರೆಮ್, ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಫ್ರೆಂಚ್ ಗುರುಗಳು. ಹೆಣ್ಣುಮಕ್ಕಳಿಗೆ ಶಾಲೆ ನಡೆಸಲು ಕಾರ್ಮೆಲ್ಲಿನ ಸಹೋದರಿಯರೇ ಬೇಕು ಎಂಬುದು ಅವರ ಆಸೆ. ಆದರೆ ಕಾರ್ಮೆಲ್ ಸನ್ಯಾಸಿನಿಯರು ಮಠದ ಗೋಡೆ ದಾಟುವವರಲ್ಲ. ಜಾಲರಿಯ ಆಚೆ ನಿಂತು ಮಾತನಾಡುವವರು ತರಗತಿಯಲ್ಲಿ ನಿಂತು ಪಾಠ ಮಾಡುವುದು ಹೇಗೆ? ಕಾರ್ಮೆಲ್ಲಿನ ಪ್ರಾರ್ಥನೆಯನ್ನೂ ಬಿಡದೆ, ಶಾಲೆಯ ಕೆಲಸವನ್ನೂ ಮಾಡುವ ಹೊಸ ಸಭೆಯೊಂದನ್ನು ಕಟ್ಟಬೇಕಾಯಿತು. ಮದರ್ ವೆರೋನಿಕಾ ಅದಕ್ಕಾಗಿ ಫ್ರಾನ್ಸಿಗೆ ಹಿಂದಿರುಗಿದರು. ಪೋ ಎಂಬ ಊರಿನ ಕಾರ್ಮೆಲ್ ಮಠವನ್ನು ಹೊಕ್ಕು, ಆ ಜೀವನವನ್ನು ಮೊದಲು ತಾವೇ ಬಾಳಿದರು. ಆಮೇಲೆ 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ಎಂಬ ಊರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು. ಅದರ ಮೊದಲ ಸಹೋದರಿಯರು 1870ರ ನವೆಂಬರ್ 19ರಂದು ಮಂಗಳೂರನ್ನು ಮುಟ್ಟಿದರು. ಅರ್ಧ ಶತಮಾನ ಕಳೆದು 1921ರಲ್ಲಿ ಅದೇ ಊರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ತೆರೆದವರು, 1948ರಿಂದ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನು ನಡೆಸಿಕೊಂಡು ಬಂದವರು ಇವರೇ.

ಬಯೋನಿನ ಆ ಮೊದಲ ಮನೆ 1873ರಲ್ಲಿ ಮುಚ್ಚಿತು. ಮದರ್ ವೆರೋನಿಕಾ ಮತ್ತೆ ಕಾರ್ಮೆಲ್ ಮಠದ ಒಳಗೆ ಹೋದರು. ತಾವು ಕಟ್ಟಿದ ಸಭೆಯ ಸಹೋದರಿಯರೊಂದಿಗೆ ಮಂಗಳೂರಿನಲ್ಲಿ ಬಾಳುವುದು ಅವರಿಗೆ ಆಗಲೇ ಇಲ್ಲ. 1906ರಲ್ಲಿ ಪೋ ಮಠದಲ್ಲಿಯೇ ತೀರಿಕೊಂಡರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು, ಸಂತಪದವಿಯ ಕಡೆಗೆ ಒಂದು ಮೆಟ್ಟಿಲಾಗಿ, ಪೂಜ್ಯರೆಂದು ಘೋಷಿಸಿದರು. ಇದನ್ನು ಓದಿದ ರಾತ್ರಿ ನಮ್ಮ ಮನೆಯವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಆ ತಾಯಿ ಹಟ ಮಾಡಿ ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳಲಿಲ್ಲವಲ್ಲ” ಎಂದರು. ಮನೆತನದ ಬಗ್ಗೆ ಅವರಿಗೆ ಮೊದಲ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಇನ್ನು ಕಟ್ಟಳೆ. ಇದರಲ್ಲಿ ಎರಡು ಬೇರೆ ಬೇರೆ ಪುಸ್ತಕಗಳಿವೆ ಎಂಬುದು ನಮ್ಮ ಕಥೋಲಿಕ ಮನೆಗಳಲ್ಲೇ ಅನೇಕರಿಗೆ ಗೊತ್ತಿಲ್ಲ. ಒಂದು, ಇಡೀ ಕಾರ್ಮೆಲ್ ಪರಂಪರೆಗೆ ಬೇರಾದ ಹಳೆಯ ನಿಯಮ. ಇನ್ನೊಂದು, ಆಯಾ ಸಭೆ ತನ್ನ ಕೆಲಸಕ್ಕೆ ತಕ್ಕಂತೆ ಬರೆದುಕೊಂಡು, ಧರ್ಮಸಭೆಯ ಒಪ್ಪಿಗೆ ಪಡೆದ ಸಂವಿಧಾನ. ಎರಡನೆಯದನ್ನು ಕಾಲಕಾಲಕ್ಕೆ ತಿದ್ದುತ್ತಾರೆ. ಜಗತ್ತಿನ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಲ್ಲ ಸಭೆಗಳಿಗೂ ಶುಭಸಂದೇಶಕ್ಕೂ ತಮ್ಮ ಸಂಸ್ಥಾಪಕರ ಮೂಲ ಮನಸ್ಸಿಗೂ ಹಿಂದಿರುಗಿ, ಇಂದಿನ ಕಾಲಕ್ಕೆ ಹೊಂದುವಂತೆ ತಮ್ಮ ಕಟ್ಟಳೆಗಳನ್ನು ಮತ್ತೆ ನೋಡಿಕೊಳ್ಳಲು ಹೇಳಿತು. ಹಳೆಯ ನಿಯಮ ಮಾತ್ರ, ನಡುವೆ ಕೆಲವು ತಿದ್ದುಪಡಿ ಕಂಡರೂ, ಎಂಟು ನೂರು ವರ್ಷಗಳಿಂದ ಉಳಿದು ಬಂದಿದೆ.

ಅದನ್ನು ಬರೆದವರು ಜೆರುಸಲೇಮಿನ ಪಿತೃಪ್ರಧಾನರು, ಎಂದರೆ ಮುಖ್ಯ ಧರ್ಮಾಧ್ಯಕ್ಷರಾಗಿದ್ದ ಸಂತ ಆಲ್ಬರ್ಟ್, 1206ರಿಂದ 1214ರ ನಡುವೆ. ಜೆರುಸಲೇಮ್ ನಗರ ಆಗ ಕ್ರೈಸ್ತರ ಕೈತಪ್ಪಿತ್ತು, ಅವರು ಇದ್ದದ್ದು ಕಡಲ ತೀರದ ಆಕ್ರೆಯಲ್ಲಿ. ಹತ್ತಿರದ ಕಾರ್ಮೆಲ್ ಬೆಟ್ಟದಲ್ಲಿ, ಪ್ರವಾದಿ ಎಲೀಯನ ಹೆಸರಿನ ಚಿಲುಮೆಯ ಬಳಿ, ಕೆಲವು ಸನ್ಯಾಸಿಗಳು ಒಬ್ಬೊಬ್ಬರೇ ಬದುಕುತ್ತಿದ್ದರು. ತಮಗೊಂದು ಬಾಳುವ ಕ್ರಮ ಬರೆದುಕೊಡಿ ಎಂದು ಅವರು ಕೇಳಿದ್ದಕ್ಕೆ ಆಲ್ಬರ್ಟ್ ಬರೆದ ಪತ್ರವೇ ಈ ನಿಯಮ. ಯಾರನ್ನು ಉದ್ದೇಶಿಸಿ ಬರೆದರೋ ಆ ಹಿರಿಯನ ಹೆಸರಿನ ಜಾಗದಲ್ಲಿ ‘ಬಿ’ ಎಂಬ ಒಂದೇ ಅಕ್ಷರವಿದೆ. ದಪ್ಪ ಗ್ರಂಥವನ್ನು ನಿರೀಕ್ಷಿಸಿದ್ದ ನನಗೆ ಸಿಕ್ಕಿದ್ದು ಒಂದೇ ಸಲ ಕುಳಿತು ಓದಿ ಮುಗಿಸಬಹುದಾದ ಕೆಲವೇ ಪುಟಗಳು.

ಅದರಲ್ಲಿ ಏನಿದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಮನಸ್ಸು ತಿಳಿಯಾದದ್ದು ಇದನ್ನು ಓದಿದ ಮೇಲೆ.

ತಮ್ಮಲ್ಲಿ ಒಬ್ಬನನ್ನು ಹಿರಿಯನನ್ನಾಗಿ ಆರಿಸಿಕೊಳ್ಳಬೇಕು. ಎಲ್ಲರ ಒಪ್ಪಿಗೆಯಿಂದ, ಅದಾಗದಿದ್ದರೆ ಹೆಚ್ಚು ಮಂದಿಯ, ಪಕ್ವವಾದವರ ಒಪ್ಪಿಗೆಯಿಂದ. ಒಬ್ಬೊಬ್ಬರಿಗೂ ಬೇರೆ ಕೋಣೆ. ಹಿರಿಯನ ಕೋಣೆ ಆವರಣದ ಬಾಗಿಲ ಬಳಿ ಇರಬೇಕು, ಬಂದವರನ್ನು ಮೊದಲು ಎದುರುಗೊಳ್ಳುವವನು ಅವನೇ ಆಗಬೇಕು. ಕೋಣೆಗಳ ನಡುವೆ ಪ್ರಾರ್ಥನಾಲಯ, ಪ್ರತಿ ಬೆಳಿಗ್ಗೆ ಅಲ್ಲಿ ಬಲಿಪೂಜೆ. ಬೇರೆ ನ್ಯಾಯವಾದ ಕೆಲಸವಿಲ್ಲದಾಗ ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿದ್ದು ಹಗಲಿರುಳೂ ದೇವರ ವಾಕ್ಯವನ್ನು ಧ್ಯಾನಿಸುತ್ತಾ ಪ್ರಾರ್ಥನೆಯಲ್ಲಿ ಎಚ್ಚರವಾಗಿರಬೇಕು. ಇದೇ ನಿಯಮದ ಹೃದಯ ಎಂದು ಸಿಸ್ಟರ್ ಹೇಳಿದರು. ಊಟ ಎಲ್ಲರೂ ಒಟ್ಟಿಗೆ, ಪವಿತ್ರ ಗ್ರಂಥದ ವಾಚನವನ್ನು ಕೇಳುತ್ತಾ. ಯಾವುದನ್ನೂ ತನ್ನದು ಎನ್ನುವಂತಿಲ್ಲ. ಎಲ್ಲವೂ ಎಲ್ಲರದು, ಹಂಚುವಾಗ ಮಾತ್ರ ಒಬ್ಬೊಬ್ಬರ ವಯಸ್ಸನ್ನೂ ಅಗತ್ಯವನ್ನೂ ನೋಡಿ ಹಂಚಬೇಕು. ಕತ್ತೆ, ಹೇಸರಗತ್ತೆಗಳನ್ನು ಬೇಕಾದಷ್ಟು ಇಟ್ಟುಕೊಳ್ಳಬಹುದು. ಒಂದಿಷ್ಟು ಸಾಕುಪ್ರಾಣಿ, ಕೋಳಿಗಳಿಗೂ ಅಡ್ಡಿಯಿಲ್ಲ. ಇಷ್ಟು ದೊಡ್ಡ ಧ್ಯಾನದ ಪತ್ರದಲ್ಲಿ ಕೋಳಿಯ ಮಾತು ಬಂದದ್ದು ನಮ್ಮ ಮನೆಯವರಿಗೆ ಬಹಳ ಹಿಡಿಸಿತು. ಬದುಕು ಗೊತ್ತಿದ್ದವರು ಬರೆದದ್ದು ಎಂದರು.

ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ ಭಾನುವಾರಗಳನ್ನು ಬಿಟ್ಟು ಉಪವಾಸ. ಮಾಂಸ ತಿನ್ನುವಂತಿಲ್ಲ. ಹೀಗೆ ಓದುತ್ತಾ ಹೋದಾಗ ಎದೆ ಸ್ವಲ್ಪ ನಡುಗಿತು. ನನ್ನ ಮಗಳಿಗೆ ಚಿಕ್ಕಂದಿನಿಂದ ರಕ್ತಹೀನತೆ. ಆದರೆ ಪ್ರತಿ ಕಟ್ಟಳೆಯ ಬೆನ್ನಿಗೇ ಬಿಡುವಿನ ಮಾತೂ ಇದೆ. ಕಾಯಿಲೆಯವರು, ನಿತ್ರಾಣರಾದವರು ಮಾಂಸ ತಿನ್ನಬಹುದು. ದೈಹಿಕ ದೌರ್ಬಲ್ಯವಿದ್ದರೆ, ಬೇರೆ ತಕ್ಕ ಕಾರಣವಿದ್ದರೆ ಉಪವಾಸ ಬೇಡ, ಅಗತ್ಯ ಬಿದ್ದಲ್ಲಿ ಕಟ್ಟಳೆ ಹಿಂದೆ ಸರಿಯುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. 1247ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ನಿಯಮವನ್ನು ತಿದ್ದಿದಾಗ, ಪ್ರಯಾಣದಲ್ಲಿರುವವರು ಉಣಬಡಿಸಿದವರಿಗೆ ಹೊರೆಯಾಗದಂತೆ ಮಾಂಸದೊಂದಿಗೆ ಬೇಯಿಸಿದ್ದನ್ನು ತಿನ್ನಬಹುದು, ಹಡಗಿನಲ್ಲಿ ಮಾಂಸವನ್ನೂ ತಿನ್ನಬಹುದು ಎಂದು ಸೇರಿತು. ಅಷ್ಟರಲ್ಲಿ ಯುದ್ಧದ ಹಾವಳಿಗೆ ಆ ಸನ್ಯಾಸಿಗಳು ಬೆಟ್ಟ ಬಿಟ್ಟು ಸೈಪ್ರಸ್, ಸಿಸಿಲಿ, ಫ್ರಾನ್ಸ್, ಇಂಗ್ಲೆಂಡುಗಳಿಗೆ ಚದುರಿಹೋಗಿದ್ದರು. ಬೆಟ್ಟದ ಬಾಳುವೆಗೆ ಬರೆದದ್ದು ಊರಿನ ಬಾಳುವೆಗೂ ಒದಗಬೇಕಿತ್ತು.

ಅತ್ತೆಯವರ ಕಣ್ಣು ಅರಳಿದ್ದು ಬೇರೆ ಕಡೆ. ಅವರಿಗೆ ಓದು ಬಾರದು. ಜಪಮಾಲೆಯೇ ಅವರ ಪುಸ್ತಕ. ಓದುಬರಹ ಬಲ್ಲವರು ಕೀರ್ತನೆಗಳನ್ನು ಹೇಳಲಿ, ಬಾರದವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಹೇಳಲಿ ಎನ್ನುತ್ತದೆ ನಿಯಮ. ರಾತ್ರಿಯ ಜಾಗರಣೆಗೆ 25 ಸಲ, ಭಾನುವಾರ ಮತ್ತು ದೊಡ್ಡ ಹಬ್ಬಗಳಲ್ಲಿ ಅದರ ಎರಡರಷ್ಟು, ಬೆಳಗಿನ ಸ್ತುತಿಗೆ 7, ಸಂಜೆಯ ಪ್ರಾರ್ಥನೆಗೆ 15, ಉಳಿದ ಪ್ರತಿ ಹೊತ್ತಿಗೂ 7. ನಾನು ಕೂಡಿಸಿ ನೋಡಿದೆ, ಸಾಮಾನ್ಯ ದಿನಕ್ಕೆ 82 ಆಗುತ್ತದೆ. “ಹಾಗಾದರೆ ನನ್ನಂಥವರಿಗೂ ಅಲ್ಲಿ ಜಾಗವಿತ್ತು ಅನ್ನು” ಎಂದರು ಅತ್ತೆ. ಆ ಜಾಗದ ಕಥೆ ಪೂರ್ತಿ ಸುಖದ್ದಲ್ಲ ಎಂಬುದನ್ನೂ ನಾನು ಅವರಿಗೆ ಹೇಳಬೇಕಾಯಿತು. ಯೂರೋಪಿನ ಮಠಗಳಲ್ಲಿ ಓದು ಬಲ್ಲ, ಕೀರ್ತನೆ ಹಾಡುವ ಸಹೋದರಿಯರು ಒಂದು ಕಡೆಯಾದರೆ, ಅಡುಗೆ, ಒಗೆತ, ತೋಟದ ಕೆಲಸ ಮಾಡುವ ಸಹೋದರಿಯರು ಇನ್ನೊಂದು ಕಡೆ. ಈ ಎರಡು ಪಂಕ್ತಿಗಳು ಅಳಿದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ.

ಆದರೂ ಆ ಕೆಳಗಿನ ಪಂಕ್ತಿಯಿಂದಲೇ ಒಬ್ಬ ಸಂತೆ ಬಂದರು, ಅದೂ ಮಂಗಳೂರಿನ ನೆಂಟಿನವರು. ಅಪೊಸ್ತಲಿಕ್ ಕಾರ್ಮೆಲ್ ಸಹೋದರಿಯರು ಬಂದ 1870ರಲ್ಲೇ ಗೋಡೆಯೊಳಗೆ ಬಾಳುವ ಕಾರ್ಮೆಲ್ ಸನ್ಯಾಸಿನಿಯರ ತಂಡವೊಂದೂ ಪೋ ಮಠದಿಂದ ಮಂಗಳೂರಿಗೆ ಹೊರಟಿತ್ತು. ಪಯಣದಲ್ಲಿಯೇ ಕೆಲವರು ಸತ್ತರು. ಉಳಿದು ಬಂದವರಲ್ಲಿ ಮರಿಯಂ ಬವಾರ್ದಿ ಒಬ್ಬರು. ಕಾರ್ಮೆಲ್ ಬೆಟ್ಟಕ್ಕೆ ಅಷ್ಟೇನೂ ದೂರವಲ್ಲದ ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯ ಅರಬ್ ಹುಡುಗಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮನೆಗೆಲಸ ಮಾಡಿ ಬೆಳೆದವರು, ಓದುಬರಹ ಅಷ್ಟಕ್ಕಷ್ಟೆ. 1871ರ ನವೆಂಬರ್ 21ರಂದು ಅವರು ತಮ್ಮ ವ್ರತವನ್ನು ತೊಟ್ಟದ್ದು ಮಂಗಳೂರಿನ ಕಾರ್ಮೆಲ್ಲಿನಲ್ಲಿ. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಏಳಲು ಕಾರಣರಾಗಿ, 1878ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಮೇ 17ರಂದು ಸಂತಪದವಿ ಸಿಕ್ಕಿತು. ಅತ್ತೆಯವರು ಅಂದಿನಿಂದ ಮಲಗುವ ಮುಂಚೆ ಈ ತಾಯಿಯ ಹೆಸರನ್ನೂ ಸೇರಿಸಿ ಪ್ರಾರ್ಥಿಸುತ್ತಾರೆ.

ನಿಯಮವನ್ನು ಬರೆದದ್ದು ಗಂಡಸರಿಗೆ. ಹೆಂಗಸರನ್ನು ಕಾರ್ಮೆಲ್ ಪಂಥದೊಳಕ್ಕೆ ಸೇರಿಸಿಕೊಳ್ಳಲು ಪೋಪ್ ಐದನೇ ನಿಕೊಲಾಸ್ ಒಪ್ಪಿಗೆ ಕೊಟ್ಟದ್ದು 1452ರಲ್ಲಿ, ಎಂದರೆ ಆಲ್ಬರ್ಟ್ ಬರೆದು ಇನ್ನೂರು ವರ್ಷಗಳ ಮೇಲೆ. ಅದಕ್ಕೂ ಸ್ವಲ್ಪ ಮುಂಚೆ, 1432ರಲ್ಲಿ, ಮಾಂಸದ ನಿಷೇಧ, ಕೋಣೆಯ ಏಕಾಂತ ಮೊದಲಾದವನ್ನು ಪೋಪ್ ನಾಲ್ಕನೇ ಯುಜೀನ್ ಸಡಿಲಿಸಿದ್ದರು. ಸ್ಪೇನಿನ ಆವಿಲಾ ಊರಿನ ತೆರೇಸಾ 1535ರಲ್ಲಿ ಸೇರಿದ್ದು ಇಂಥ ಸಡಿಲವಾದ ಮಠವನ್ನು. ನೂರಕ್ಕೂ ಹೆಚ್ಚು ಮಂದಿಯ ಗದ್ದಲ, ಸಿರಿವಂತರ ಮನೆಯ ಹೆಣ್ಣುಮಕ್ಕಳಿಗೆ ದೊಡ್ಡ ಕೋಣೆ, ಬಡವರ ಮನೆಯವರಿಗೆ ಸಾಮಾನ್ಯ ಸಾಲು, ಹೆಸರಿನ ಹಿಂದೆ ಮನೆತನದ ಬಿರುದು ಬೇರೆ. 1562ರ ಆಗಸ್ಟ್ 24ರಂದು ತೆರೇಸಾ ಸಂತ ಜೋಸೆಫರ ಹೆಸರಿನಲ್ಲಿ ಒಂದು ಪುಟ್ಟ ಮಠವನ್ನು ತೆರೆದು 1247ರ ನಿಯಮಕ್ಕೆ ಹಿಂದಿರುಗಿದರು. ಮೊದಲಿಗೆ ಅವರು ಇಟ್ಟುಕೊಂಡ ಮಿತಿ ಹದಿಮೂರು ಮಂದಿ. ಬಿರುದುಗಳು ಹೋದವು, ಎಲ್ಲರೂ ಸಹೋದರಿಯರಾದರು. ಜಾತಿ, ಮನೆತನಗಳ ಲೆಕ್ಕ ಗೊತ್ತಿರುವ ನಮ್ಮ ಸೀಮೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಗೋಡೆಯ ಕಥೆ ಇದರ ಜೊತೆಗೇ ಬರುತ್ತದೆ. 1298ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಎಲ್ಲ ಸನ್ಯಾಸಿನಿಯರೂ ಮಠದ ಆವರಣ ದಾಟಬಾರದೆಂದು ಆಜ್ಞೆ ಮಾಡಿದರು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮತ್ತೆ ಬಿಗಿಗೊಳಿಸಿತು. ಗಂಡಸರು ಊರೂರು ತಿರುಗಿ ಬೋಧಿಸುವ ಸನ್ಯಾಸಿಗಳಾಗಬಹುದು, ಹೆಂಗಸರು ಮಾತ್ರ ಗೋಡೆಯೊಳಗೇ ಇರಬೇಕು! ಶಾಲೆ, ಆಸ್ಪತ್ರೆ ನಡೆಸಬಯಸಿದ ಹೆಂಗಸರು ಸರಳ ವ್ರತ ತೊಟ್ಟು, ಬೇರೆ ಬಗೆಯ ಸಭೆಗಳನ್ನು ಕಟ್ಟಿಕೊಂಡು ಕೆಲಸ ಮಾಡಿದರು. ದುಡಿದದ್ದು ಬೆಟ್ಟದಷ್ಟು, ಆದರೆ ಧರ್ಮಸಭೆಯ ಕಾನೂನಿನಲ್ಲಿ ಅವರಿಗೆ ಪೂರ್ಣ ಸನ್ಯಾಸಿನಿಯರ ಸ್ಥಾನವಿರಲಿಲ್ಲ. ಅಂಥ ಸಭೆಗಳನ್ನು ಪೋಪ್ ಹದಿಮೂರನೇ ಲಿಯೋ ಅಧಿಕೃತವಾಗಿ ಮಾನ್ಯ ಮಾಡಿದ್ದು 1900ರ ಡಿಸೆಂಬರ್ 8ರಂದು. ಮದರ್ ವೆರೋನಿಕಾ ತಮ್ಮ ಸಭೆಯನ್ನು ಆರಂಭಿಸಿದ್ದು ಅದಕ್ಕೆ 32 ವರ್ಷ ಮುಂಚೆ. ಕಾನೂನು ಹಿಂದೆ ಬಂದಿತು, ಹೆಂಗಸರು ಮುಂದೆ ನಡೆದಿದ್ದರು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕನ್ಯಾಸ್ತ್ರೀ ಎಂದರೆ ಹೇಳಿದ್ದಕ್ಕೆಲ್ಲ ತಲೆಬಾಗುವವಳು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ.

ಇಷ್ಟು ತಿಳಿದ ಮೇಲೆ ಸೇರುವ ಕೆಲಸ ಶುರುವಾಯಿತು. ಮೊದಲು ಸಿಸ್ಟರುಗಳ ಜೊತೆ ಕೆಲವು ಕಾಲ ಇದ್ದು ನೋಡಿ ಬಂದಳು. ಆಮೇಲೆ ಕಾಗದಪತ್ರ. ದೀಕ್ಷಾಸ್ನಾನದ ಪ್ರಮಾಣಪತ್ರ, ದೃಢೀಕರಣ ಸಂಸ್ಕಾರದ ಪ್ರಮಾಣಪತ್ರ, ಮದುವೆಯಾಗಿಲ್ಲ ಎಂಬುದಕ್ಕೆ ಧರ್ಮಕೇಂದ್ರದ ಪತ್ರ, ಗುರುಗಳ ಶಿಫಾರಸು, ವೈದ್ಯಕೀಯ ತಪಾಸಣೆ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಸಂತರ ಹೆಸರು, ಅಂಕಪಟ್ಟಿಯಲ್ಲಿ ಮನೆಯ ಹೆಸರು. ನಮ್ಮ ಕಡೆಯ ಎಲ್ಲ ಕ್ರೈಸ್ತ ಮಕ್ಕಳ ಪಾಡೂ ಇದೇ. ಎರಡೂ ಒಬ್ಬಳೇ ಎಂದು ಗುರುಗಳಿಂದ ಬರೆಸಿಕೊಂಡು, ನೋಟರಿಯ ಬಳಿ ಅಫಿಡವಿಟ್ ಮಾಡಿಸಿದೆವು. ಕೊನೆಗೆ ಅವಳೇ ಕೈಯಾರೆ ಒಂದು ಪತ್ರ ಬರೆಯಬೇಕಿತ್ತು, ಸ್ವಂತ ಇಚ್ಛೆಯಿಂದ ಬರುತ್ತಿದ್ದೇನೆ ಎಂದು. ಅದನ್ನು ಬರೆಸುವ ಮುಂಚೆ ಹಿರಿಯ ಸಿಸ್ಟರ್ ನಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದು ಮಾತನಾಡಿಸಿದರು. ಮನೆಯ ಕಷ್ಟಕ್ಕೋ, ಹೆದರಿಕೆಗೋ, ಯಾರ ಬಲವಂತಕ್ಕೋ ಬಂದಿದ್ದೀಯಾ ಎಂದು ಕೇಳಿದರಂತೆ. ನನಗೆ ಅದು ತುಂಬ ಮೆಚ್ಚುಗೆಯಾಯಿತು. ನಮ್ಮ ಮದುವೆಗಳಲ್ಲಿ ಹುಡುಗಿಯನ್ನು ಹಾಗೆ ಒಂಟಿಯಾಗಿ ಕರೆದು ಕೇಳುವವರು ಯಾರು?

ದುಡ್ಡಿನ ಪ್ರಶ್ನೆಗೆ ಉತ್ತರ ಹೀಗಿದೆ. ಹಿಂದೆ ಮಠ ಸೇರುವ ಹೆಣ್ಣಿಗೂ ವರದಕ್ಷಿಣೆಯಂತೆ ಹಣ ಕಟ್ಟಬೇಕಿತ್ತು, 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಗೋಡೆಯೊಳಗಿನ ಮಠಗಳಿಗೆ ಆ ನಿಬಂಧನೆ ಇತ್ತು. ಈಗ ಜಾರಿಯಲ್ಲಿರುವ 1983ರ ಸಂಹಿತೆಯಲ್ಲಿ ಅದರ ಸುದ್ದಿಯೇ ಇಲ್ಲ. ನಮ್ಮನ್ನು ಯಾರೂ ಹಣ ಕೇಳಲಿಲ್ಲ.

ವಾಪಸ್ಸು ಬರಬಹುದೇ ಎಂಬ ಪ್ರಶ್ನೆಗೆ ಧರ್ಮಕೇಂದ್ರದ ಗುರುಗಳು ಸಂಹಿತೆಯನ್ನೇ ತೆರೆದು ಓದಿದರು. 17 ವರ್ಷ ತುಂಬದವಳನ್ನು ನೊವಿಶಿಯೇಟಿಗೆ, ಎಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸಿಕೊಂಡರೆ ಅದು ಸಿಂಧುವಲ್ಲ. ಬಲವಂತ, ಭಯ, ಮೋಸಗಳಿಂದ ಸೇರಿಸಿದರೂ ಸಿಂಧುವಲ್ಲ. ನೊವಿಶಿಯೇಟ್ ಕನಿಷ್ಠ 12 ತಿಂಗಳು, ಎರಡು ವರ್ಷ ಮೀರುವಂತಿಲ್ಲ. ಆ ಅವಧಿಯಲ್ಲಿ ಅವಳು ಯಾವಾಗ ಬೇಕಾದರೂ ಎದ್ದು ಬರಬಹುದು, ಅವರೂ ಬೇಡವೆನ್ನಬಹುದು. ಅದಾದ ಮೇಲೆ ತಾತ್ಕಾಲಿಕ ವ್ರತ, ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರಕ್ಕಿಂತ ಹೆಚ್ಚಿಲ್ಲ, ಎಷ್ಟು ಮುಂದೂಡಿದರೂ ಒಂಬತ್ತು. ಆ ಅವಧಿ ಮುಗಿದಾಗ ಹೊರಡುವ ಸ್ವಾತಂತ್ರ್ಯವಿದೆ. ಕೊನೆಯ ವ್ರತಕ್ಕೆ 21 ವರ್ಷವಾದರೂ ತುಂಬಿರಬೇಕು. ನಾನು ಇವನ್ನೆಲ್ಲ ಬರೆದುಕೊಂಡು ಅತ್ತೆಯವರಿಗೆ ಹೇಳಿದಾಗ, “ಇಷ್ಟು ಸಲ ಕೇಳುತ್ತಾರಾ!” ಎಂದು ಆಶ್ಚರ್ಯಪಟ್ಟರು.

ಇದರಲ್ಲಿ ಒಂದು ವಿಷಯಕ್ಕೆ ನನಗೆ ಇಂದಿಗೂ ಸಮಾಧಾನವಿಲ್ಲ. ಬಿಟ್ಟು ಬಂದವಳು ತಾನು ಅಲ್ಲಿ ದುಡಿದದ್ದಕ್ಕೆ ಏನನ್ನೂ ಕೇಳುವ ಹಕ್ಕಿಲ್ಲ ಎನ್ನುತ್ತದೆ ಸಂಹಿತೆ. ಹತ್ತು ವರ್ಷ ಪಾಠ ಮಾಡಿ ಬರಿಗೈಯಲ್ಲಿ ಬರುವುದೇ? ಇದನ್ನು ನಾನು ಹಿರಿಯ ಸಿಸ್ಟರ್ ಬಳಿ ನೇರವಾಗಿಯೇ ಕೇಳಿದೆ. ಅವರು ಅದೇ ವಿಧಿಯ ಮುಂದಿನ ಸಾಲನ್ನು ತೋರಿಸಿದರು: ಹೊರಟವಳನ್ನು ಸಭೆ ನ್ಯಾಯದಿಂದಲೂ ಶುಭಸಂದೇಶದ ಪ್ರೀತಿಯಿಂದಲೂ ನಡೆಸಿಕೊಳ್ಳಬೇಕು ಎಂದಿದೆ. ಒಳ್ಳೆಯ ಮಾತೇ. ಆದರೆ ಪ್ರೀತಿ ಎಷ್ಟು ಎಂಬುದು ಆಯಾ ಕಾಲದ ಮೇಲ್ವಿಚಾರಕಿಯ ಮನಸ್ಸಿಗೆ ಬಿಟ್ಟದ್ದು. ಹೆತ್ತವರು ಇದನ್ನು ತಿಳಿದೇ ಮಗಳನ್ನು ಕಳುಹಿಸಬೇಕು, ಅವಳ ಕೈಯಲ್ಲಿ ಒಂದು ಪದವಿ ಇರುವಂತೆಯೂ ನೋಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿಸ್ಟರ್ ಇದನ್ನು ಒಪ್ಪಿದರು.

ಅವಳು ನೊವಿಶಿಯೇಟಿನಲ್ಲಿದ್ದಾಗ ಅತ್ತೆಯವರು ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಮುಂಚೆ ಮೊಮ್ಮಗಳನ್ನು ನೋಡಬೇಕೆಂದರು. ಕಳುಹಿಸುತ್ತಾರೋ ಇಲ್ಲವೋ ಎಂದು ನಮಗೆ ಅಳುಕು. ನೊವಿಶಿಯೇಟಿನ ಮನೆಯಿಂದ ದೂರವಿರುವ ದಿನಗಳಿಗೆ ಸಂಹಿತೆಯಲ್ಲಿ ಲೆಕ್ಕವಿದೆ. ಒಟ್ಟು ಮೂರು ತಿಂಗಳು ಮೀರಿದರೆ ನೊವಿಶಿಯೇಟೇ ಅಸಿಂಧು, 15 ದಿನ ಮೀರಿದರೆ ಆ ದಿನಗಳನ್ನು ಮತ್ತೆ ತುಂಬಿಕೊಡಬೇಕು. ಫೋನ್ ಮಾಡಿದಾಗ ಮೇಲ್ವಿಚಾರಕ ಸಿಸ್ಟರ್ ಹೆಚ್ಚು ಮಾತನಾಡಲಿಲ್ಲ, ಅವತ್ತಿನ ರಾತ್ರಿಯ ಬಸ್ಸಿಗೇ ಹತ್ತಿಸಿ ಕಳುಹಿಸುತ್ತೇನೆ ಎಂದರು. ಮಗಳು ಬಂದು ಅಜ್ಜಿಯ ಹಾಸಿಗೆಯ ಪಕ್ಕದಲ್ಲೇ ಇದ್ದಳು, ತಲೆ ಬಾಚಿದಳು, ಬೆಳಿಗ್ಗೆ ಸಂಜೆ ತನ್ನ ಪ್ರಾರ್ಥನೆಯ ಹೊತ್ತಿಗೆ ಆಸ್ಪತ್ರೆಯ ವರಾಂಡದಲ್ಲಿ ಪುಸ್ತಕ ಹಿಡಿದು ಕುಳಿತಳು. ಅಜ್ಜಿ ಕೋಲು ಹಿಡಿದು ಎದ್ದು ನಿಂತ ಮೇಲೆ ಹಿಂದಿರುಗಿದಳು. ನಿಯಮದ ಕೊನೆಯ ಸಾಲು ನನಗೆ ಚೆನ್ನಾಗಿ ಅರ್ಥವಾದದ್ದು ಆಗ. ಇಷ್ಟೆಲ್ಲ ವಿಧಿಸಿ ಆಲ್ಬರ್ಟ್ ಕೊನೆಯಲ್ಲಿ ಹೇಳುವುದು, ಇದಕ್ಕಿಂತ ಹೆಚ್ಚು ಮಾಡಿದವರಿಗೆ ಪ್ರಭು ಬಂದಾಗ ಪ್ರತಿಫಲ ಕೊಡುತ್ತಾರೆ, ಆದರೆ ವಿವೇಕವನ್ನು ಬಿಡಬೇಡಿ, ಸದ್ಗುಣಗಳನ್ನು ಹದದಲ್ಲಿಡುವುದು ಅದೇ ಎಂದು.

ಮೊದಲ ವ್ರತದ ದಿನ ನಮ್ಮ ಊರಿನಿಂದ ಒಂದು ವ್ಯಾನ್ ತುಂಬ ಜನ ಹೋದೆವು. ಮೂರು ವ್ರತಗಳು: ಬ್ರಹ್ಮಚರ್ಯ, ಬಡತನ, ವಿಧೇಯತೆ. ಅವಳು ಮೇಲ್ವಿಚಾರಕಿಯ ಮುಂದೆ ಮೊಣಕಾಲೂರಿ, ತಾನೇ ಬರೆದ ವ್ರತಪತ್ರವನ್ನು ಓದಿ ಸಹಿ ಮಾಡಿದಳು. ಸಂವಿಧಾನದ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಧ್ವನಿ ನಡುಗಲಿಲ್ಲ. ನಡುಗಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಈಗ ಬಿ.ಇಡಿ. ಮುಗಿಸಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಳೆ, ವರ್ಷ ವರ್ಷ ವ್ರತವನ್ನು ನವೀಕರಿಸುತ್ತಾಳೆ. ಪಕ್ಕದ ಊರಿನ ಒಂದು ಮನೆಯಲ್ಲಿ ಇದೇ ಮಾತು ಎದ್ದಾಗ ಆ ತಾಯಿ ನನ್ನ ಬಳಿ ಬಂದರು. ನೋಟ್‌ಬುಕ್ಕನ್ನೇ ಕೊಟ್ಟೆ. ಅವರ ಮಗಳು ಸೇರಬೇಕೆಂದಿರುವುದು ಬೇರೆ ಸಭೆ, ಅದರ ನಿಯಮ ಸಂತ ಆಗಸ್ಟೀನರದು. ಆದ್ದರಿಂದ ಅರ್ಧ ಪುಟಗಳು ಅವರಿಗೆ ಒದಗುವುದಿಲ್ಲ. ಕಾನೂನು ಸಂಹಿತೆಯ ಪುಟಗಳು ಮಾತ್ರ ಅವರಿಗೂ ಒದಗುತ್ತವೆ.

ಮುಂದಿರುವುದು ಕೊನೆಯ ವ್ರತ, ಅದಕ್ಕೆ ಮುಂಚೆ ಆಸ್ತಿಯ ವಿಷಯ. ಮೊದಲ ವ್ರತದ ಹೊತ್ತಿಗೇ ತನ್ನ ಪಾಲಿನ ಆಸ್ತಿ ನೋಡಿಕೊಳ್ಳುವ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಬೇಕು, ಅವಳು ಅಪ್ಪನ ಹೆಸರು ಬರೆದಳು. ಒಡೆತನ ಮಾತ್ರ ಅವಳದೇ. ಕೊನೆಯ ವ್ರತಕ್ಕೆ ಮುಂಚೆ ದೇಶದ ಕಾನೂನಿಗೆ ಒಪ್ಪುವಂತೆ ಮರಣಶಾಸನವನ್ನು ಬರೆಯಬೇಕು. ಮಠಕ್ಕೆ ಹೋದವಳಿಗೆ ತೋಟದಲ್ಲಿ ಪಾಲೇಕೆ ಎಂದು ನೆಂಟರಲ್ಲಿ ಒಬ್ಬರು ಅಂದರು. ನಮ್ಮ ಮನೆಯವರು ಜಗ್ಗಲಿಲ್ಲ. ಅಣ್ಣನಿಗೆ ಎಷ್ಟೋ ತಂಗಿಗೂ ಅಷ್ಟೇ, ಅದನ್ನು ಯಾರಿಗೆ ಬರೆಯಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ, ಆದರೆ ತೀರ್ಮಾನಿಸಲು ಮೊದಲು ಅದು ಅವಳದಾಗಿರಬೇಕು ಎಂದರು. ಅಣ್ಣನೂ ಒಪ್ಪಿದ್ದಾನೆ. ತೋಟವನ್ನು ಅಳೆಸಿ ಪಾಲು ಮಾಡಿಸಲು ಪೋಡಿಗೆ ಅರ್ಜಿ ಕೊಟ್ಟಿದ್ದೇವೆ, ಸರ್ವೆಯವರು ಈ ಬೆಳೆಯ ಗೂಡು ಇಳಿದ ಮೇಲೆ ಬರುತ್ತೇವೆ ಎಂದಿದ್ದಾರೆ.